ನೂರರಲ್ಲಿ ಐವತ್ತು ಗೆಲುವೇ?

1981ರ ಜನವರಿ 25, ಭಾನುವಾರ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸೂಪರ್ ಬೌಲ್ ಪಂದ್ಯ. ಆ ದೇಶದಲ್ಲಿ ವರ್ಷಕ್ಕೇ ಅತಿ ಹೆಚ್ಚು ಜನ ಟಿ.ವಿ. ಮುಂದೆ ಕೂರುವ ದಿನವದು. ಪಂದ್ಯದ ವಿರಾಮದಲ್ಲಿ ಷ್ಲಿಟ್ಜ್ ಎಂಬ ಬಿಯರ್ ಕಂಪನಿ ಒಂದು ಸಾಹಸಕ್ಕೆ ಕೈಹಾಕಿತು. ಎದುರಾಳಿಯ ಮಿಕಲೋಬ್ ಬಿಯರನ್ನೇ ಕುಡಿಯುವ ನೂರು ಮಂದಿಯನ್ನು ಆರಿಸಿ ಕೂರಿಸಿ, ಪ್ರತಿಯೊಬ್ಬರ ಮುಂದೆ ಹೆಸರು ಮರೆಮಾಚಿದ ಎರಡು ಮಗ್ ಇಟ್ಟು, ಯಾವುದು ರುಚಿ ಎಂದು ಕೇಳಿತು. ಎಲ್ಲವೂ ನೇರ ಪ್ರಸಾರ. ತೀರ್ಪು ಹೇಳಲು ನಿವೃತ್ತ ಫುಟ್‌ಬಾಲ್ ರೆಫರಿಯೊಬ್ಬರು. ಖರ್ಚು ಸುಮಾರು 17 ಲಕ್ಷ ಡಾಲರ್. ಕೊನೆಗೆ ಬಂದ ಫಲಿತಾಂಶ: ನೂರರಲ್ಲಿ ಸರಿಯಾಗಿ ಐವತ್ತು ಜನ ಷ್ಲಿಟ್ಜ್ ಕಡೆಗೆ ಒಲಿದಿದ್ದರು.

ಎದುರಾಳಿಯ ಮನೆಯವರೇ ಅರ್ಧಕ್ಕರ್ಧ ನಮ್ಮ ಕಡೆಗೆ ಬಂದರು ಎಂದು ಕಂಪನಿ ಬೀಗಿತು. ನೋಡುತ್ತಿದ್ದವರಿಗೂ ಹಾಗೆಯೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನೂರು ಜನರ ಬದಲು ನೂರು ನಾಣ್ಯಗಳನ್ನು ಚಿಮ್ಮಿದ್ದರೂ ಹೆಚ್ಚುಕಡಿಮೆ ಐವತ್ತು ನಾಣ್ಯಗಳು ‘ಷ್ಲಿಟ್ಜ್’ ಎಂದೇ ಹೇಳುತ್ತಿದ್ದವು. ಕಣ್ಣು ಕಟ್ಟಿದರೆ ಒಂದು ಬಿಯರಿಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗದು ಎನ್ನುವುದಾದರೆ, ಕುಡಿಯುವವನ ಉತ್ತರ ನಾಣ್ಯದ ಉತ್ತರವೇ. ನೂರು ನಾಣ್ಯಗಳಲ್ಲಿ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಒಂದೇ ಕಡೆಗೆ ಬೀಳುವ ಸಾಧ್ಯತೆ ಶೇ 98. ಅಂದರೆ, ‘ಎದುರಾಳಿಯ ಗಿರಾಕಿಗಳಲ್ಲಿ ನಲವತ್ತು ಮಂದಿಯಾದರೂ ನಮ್ಮವರಾದರು’ ಎಂದು ಸಾರುವ ಅವಕಾಶ ಕಂಪನಿಗೆ ಮೊದಲೇ ಖಾತ್ರಿಯಿತ್ತು. ಸಾಹಸದಂತೆ ಕಂಡದ್ದು ಸಾಹಸವೇ ಅಲ್ಲ. ಚಾತುರ್ಯವೆಲ್ಲ ಇದ್ದದ್ದು ನೂರು ಜನರ ಆಯ್ಕೆಯಲ್ಲಿ. ಷ್ಲಿಟ್ಜ್ ಅಭಿಮಾನಿಗಳನ್ನೇ ಕೂರಿಸಿದ್ದರೆ ಅವರಲ್ಲೂ ಅರ್ಧದಷ್ಟು ಜನ ಮಿಕಲೋಬ್ ಕಡೆಗೆ ಕೈ ತೋರಿಸುತ್ತಿದ್ದರು. ಆ ಜಾಹೀರಾತನ್ನು ಯಾರು ತೋರಿಸಿಯಾರು?

ಒಂದು ಕಾಲಕ್ಕೆ ಅಮೆರಿಕದ ಮೊದಲ ಸ್ಥಾನದಲ್ಲಿದ್ದ ಷ್ಲಿಟ್ಜ್ ಆ ಹೊತ್ತಿಗೆ ಇಳಿಜಾರಿನಲ್ಲಿತ್ತು. ಮರುವರ್ಷವೇ, 1982ರಲ್ಲಿ, ಕಂಪನಿ ಸ್ಟ್ರೋ ಎಂಬ ಇನ್ನೊಂದು ಸಂಸ್ಥೆಯ ಪಾಲಾಯಿತು.

‘ಹತ್ತರಲ್ಲಿ ಏಳು ಮಂದಿ ನಮ್ಮ ಗಿರಾಕಿಗಳು’, ‘ಮಾರುಕಟ್ಟೆಯಲ್ಲಿ ಶೇ 40 ನಮ್ಮದು’, ‘ನಂ. 1’ ಎಂಬ ಮಾತುಗಳು ಸೋಪಿನ ಕಾಗದದಿಂದ ಹಿಡಿದು ಸಿಮೆಂಟ್ ಚೀಲದವರೆಗೆ ಎಲ್ಲೆಲ್ಲೂ ಇವೆ. ಇವುಗಳಲ್ಲಿ ಯಾವುದು ನಾಣ್ಯದ ಆಟ, ಯಾವುದು ನಿಜ ಎಂದು ತಿಳಿಯಲು ಒಂದು ಲೆಕ್ಕವಿದೆ. ಅದು ಹುಟ್ಟಿದ್ದು ವ್ಯಾಪಾರಕ್ಕಾಗಿ ಅಲ್ಲ.

ದೇವರ ಲೆಕ್ಕ, ಚಹಾದ ಲೆಕ್ಕ

ಇಂಗ್ಲೆಂಡಿನ ರಾಣಿ ಆ್ಯನ್‌ಳ ವೈದ್ಯನಾಗಿದ್ದ ಜಾನ್ ಆರ್ಬತ್‌ನಟ್ ಲಂಡನ್ ನಗರದ ಇಗರ್ಜಿಗಳ ನಾಮಕರಣ ದಾಖಲೆಗಳನ್ನು ಹರವಿಕೊಂಡು ಕುಳಿತ. 1629ರಿಂದ 1710ರವರೆಗೆ 82 ವರ್ಷಗಳ ಲೆಕ್ಕ. ಒಂದೂ ಬಿಡದಂತೆ ಪ್ರತಿ ವರ್ಷವೂ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳ ಸಂಖ್ಯೆಗಿಂತ ಹೆಚ್ಚಿತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು ಬರೀ ಆಕಸ್ಮಿಕವಾಗಿದ್ದರೆ ಪ್ರತಿ ವರ್ಷವೂ ಒಂದೊಂದು ನಾಣ್ಯ ಚಿಮ್ಮಿದಂತೆ. 82 ಸಲವೂ ಅದು ಒಂದೇ ಮುಖ ತೋರಿಸಬೇಕಾದರೆ? ಎರಡನ್ನು ಎರಡರಿಂದ 82 ಬಾರಿ ಗುಣಿಸುತ್ತ ಹೋದರೆ ಸಿಗುವ ದೈತ್ಯ ಸಂಖ್ಯೆಯಲ್ಲಿ ಒಂದು ಪಾಲು. ಆದ್ದರಿಂದ ಇದು ಆಕಸ್ಮಿಕವಲ್ಲ ಎಂದು ಆರ್ಬತ್‌ನಟ್ ತೀರ್ಮಾನಿಸಿದ.

ಒಂದು ಅನುಪಾತವನ್ನು ಹೀಗೆ ಪರೀಕ್ಷೆಗೆ ಒಡ್ಡಿದ ಮೊದಲ ಪ್ರಯತ್ನವೆಂದು ಸಂಖ್ಯಾಶಾಸ್ತ್ರದ ಇತಿಹಾಸಕಾರರು ಇದನ್ನು ಗುರುತಿಸುತ್ತಾರೆ. ಮೊದಲು ‘ವಿಶೇಷವೇನೂ ಇಲ್ಲ, ಎಲ್ಲ ಆಕಸ್ಮಿಕ’ ಎಂದು ಒಪ್ಪಿಕೊಂಡು ಹೊರಡುವುದು. ಹಾಗಿದ್ದಲ್ಲಿ ಕಣ್ಣೆದುರಿನ ಅಂಕಿ ಬರುವ ಸಾಧ್ಯತೆ ಎಷ್ಟೆಂದು ಎಣಿಸುವುದು. ಸಾಧ್ಯತೆ ತೀರ ಕಡಿಮೆಯಾದರೆ ಒಪ್ಪಿಕೊಂಡದ್ದನ್ನು ಕೈಬಿಡುವುದು. ಇಂದಿಗೂ ಕ್ರಮ ಇದೇ. ಆದರೆ ಆರ್ಬತ್‌ನಟ್ ಅಲ್ಲಿಗೆ ನಿಲ್ಲಲಿಲ್ಲ. ಹೊರಗಿನ ಅಪಾಯಗಳಿಗೆ ಸಿಲುಕಿ ಗಂಡಸರು ಹೆಚ್ಚು ಸಾಯುವುದರಿಂದ ದೇವರೇ ಗಂಡುಮಕ್ಕಳನ್ನು ಕೊಂಚ ಹೆಚ್ಚಾಗಿ ಕಳುಹಿಸುತ್ತಾನೆ ಎಂದೂ ಬರೆದ. ಲೆಕ್ಕ ಹೇಳಿದ್ದು ‘ಆಕಸ್ಮಿಕವಲ್ಲ’ ಎಂದಷ್ಟೇ. ದೇವರ ಹೆಸರು ಲೆಕ್ಕದಿಂದ ಬಂದದ್ದಲ್ಲ, ಆರ್ಬತ್‌ನಟ್‌ನ ನಂಬಿಕೆಯಿಂದ ಬಂದದ್ದು. ಈ ಜಿಗಿತ ಮುಂದೆ ಬೇರೆ ವೇಷದಲ್ಲಿ ಮತ್ತೆ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ರೂಪ ಕೊಟ್ಟವರು ರೊನಾಲ್ಡ್ ಫಿಷರ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಹೋದ್ಯೋಗಿ ಮಹಿಳೆಯೊಬ್ಬರು, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎಂದರಂತೆ. ಫಿಷರ್ 1935ರ ತಮ್ಮ ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ಬಳಸಿದರು. ಎಂಟು ಬಟ್ಟಲು, ನಾಲ್ಕು ಹಾಗೆ, ನಾಲ್ಕು ಹೀಗೆ. ಸುಮ್ಮನೆ ಊಹಿಸಿ ಎಂಟನ್ನೂ ಸರಿಯಾಗಿ ಹೇಳುವ ಅವಕಾಶ 70ರಲ್ಲಿ ಒಂದು. ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಸಾಧ್ಯತೆಯ ಘಟನೆಯನ್ನು ಆಕಸ್ಮಿಕವೆಂದು ತಳ್ಳಿಹಾಕಬಾರದು ಎಂಬ ರೂಢಿಯನ್ನೂ ಫಿಷರರೇ ಚಾಲ್ತಿಗೆ ತಂದರು. ಈ ‘ಇಪ್ಪತ್ತರಲ್ಲಿ ಒಂದು’ ಪ್ರಕೃತಿಯ ನಿಯಮವೇನಲ್ಲ, ಅನುಕೂಲದ ಗೆರೆ. 1933ರಲ್ಲಿ ಜೆರ್ಜಿ ನೇಮನ್ ಮತ್ತು ಈಗಾನ್ ಪಿಯರ್ಸನ್ ಇದಕ್ಕೆ ಇನ್ನೊಂದು ಮುಖ ಸೇರಿಸಿದರು: ತಪ್ಪು ಎರಡು ಬಗೆಯದು. ನಿಜವನ್ನು ಸುಳ್ಳೆಂದು ತಳ್ಳುವುದು ಒಂದು, ಸುಳ್ಳನ್ನು ನಿಜವೆಂದು ಬಿಟ್ಟುಬಿಡುವುದು ಇನ್ನೊಂದು. ಒಂದಕ್ಕೆ ಹೆದರಿ ಗೆರೆಯನ್ನು ಬಿಗಿ ಮಾಡಿದರೆ ಇನ್ನೊಂದಕ್ಕೆ ದಾರಿ ತೆರೆಯುತ್ತದೆ.

ಸರಿಸುಮಾರು ಅದೇ ವರ್ಷಗಳಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಆರ್ಥರ್ ನೀಲ್ಸನ್ ಅಂಗಡಿಗಳ ಕಪಾಟುಗಳನ್ನು ಎಣಿಸತೊಡಗಿದ್ದರು. 1923ರಲ್ಲಿ ಷಿಕಾಗೊದಲ್ಲಿ ಕಂಪನಿ ತೆರೆದ ನೀಲ್ಸನ್, 1933ರ ಹೊತ್ತಿಗೆ ಆಯ್ದ ಔಷಧಿ ಅಂಗಡಿಗಳಿಗೆ ನಿಯಮಿತವಾಗಿ ಜನರನ್ನು ಕಳುಹಿಸಿದರು. ಹಳೆಯ ದಾಸ್ತಾನಿಗೆ ಹೊಸದಾಗಿ ಬಂದ ಮಾಲು ಕೂಡಿಸಿ, ಉಳಿದದ್ದನ್ನು ಕಳೆದರೆ ಮಾರಾಟವಾದದ್ದು ಎಷ್ಟೆಂದು ತಿಳಿಯುತ್ತದೆ. ನಮ್ಮ ಕಿರಾಣಿ ಅಂಗಡಿಯವರು ವರ್ಷದ ಕೊನೆಗೆ ಮಾಡುವ ಲೆಕ್ಕವೇ. ಅದುವರೆಗೆ ಕಾರ್ಖಾನೆ ಮಾಲೀಕನಿಗೆ ತನ್ನಿಂದ ಎಷ್ಟು ಪೆಟ್ಟಿಗೆ ಹೊರಟಿತೆಂದು ಗೊತ್ತಿತ್ತು. ಗಿರಾಕಿ ಎಷ್ಟು ಕೊಂಡ, ಎದುರಾಳಿಯದ್ದು ಎಷ್ಟು ಕೊಂಡ ಎಂಬುದು ಗೊತ್ತಿರಲಿಲ್ಲ. ‘ಮಾರುಕಟ್ಟೆ ಪಾಲು’ ಎಂಬುದು ವ್ಯಾಪಾರ ಲೋಕದ ದಿನಬಳಕೆಯ ಮಾತಾದದ್ದು ನೀಲ್ಸನ್‌ರಿಂದ. ಆದರೆ ಎಣಿಸಿದ್ದು ಎಲ್ಲ ಅಂಗಡಿಗಳನ್ನಲ್ಲ, ಮಾದರಿಯಾಗಿ ಆಯ್ದ ಕೆಲವನ್ನು ಮಾತ್ರ. ಹಾಗಾಗಿ ಪಾಲು ಎಂಬ ಪ್ರತಿ ಅಂಕಿಯ ಬೆನ್ನಿಗೂ ‘ಇದರಲ್ಲಿ ಆಕಸ್ಮಿಕ ಎಷ್ಟು?’ ಎಂಬ ಪ್ರಶ್ನೆ ಅಂಟಿಕೊಂಡೇ ಬಂತು.

ನಾನೂರು ಮನೆಗಳ ಚಹಾಪುಡಿ

ಲೆಕ್ಕ ಹೇಗೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಚಹಾಪುಡಿ ಕಂಪನಿಯೊಂದು ‘ಈ ಊರಿನ ನೂರು ಮನೆಗಳಲ್ಲಿ ನಲವತ್ತು ನಮ್ಮವು’ ಎಂದು ಗೋಡೆಗೋಡೆಯ ಮೇಲೆ ಬರೆಸಿದೆ ಎನ್ನೋಣ. ಎದುರಾಳಿಗೆ ಅನುಮಾನ. ಚೀಟಿ ಎತ್ತಿದಂತೆ ಯಾವ ಪಕ್ಷಪಾತವೂ ಇಲ್ಲದೆ ನಾನೂರು ಮನೆ ಆರಿಸಿ ವಿಚಾರಿಸಿದಾಗ 140 ಮನೆಗಳಲ್ಲಿ ಆ ಪುಡಿ ಸಿಕ್ಕಿತು. ಅಂದರೆ ಶೇ 35. ಹಾಗಾದರೆ ಗೋಡೆಬರಹ ಸುಳ್ಳೇ?

ಅವಸರ ಬೇಡ. ಮೊದಲು ಕಂಪನಿಯ ಮಾತನ್ನೇ ನಿಜವೆಂದು ಇಟ್ಟುಕೊಳ್ಳಬೇಕು. ಶಾಸ್ತ್ರದಲ್ಲಿ ಇದಕ್ಕೆ ‘ನಲ್ ಹೈಪಾಥಿಸಿಸ್’ ಎಂಬ ಹೆಸರು. ಶೂನ್ಯ ಊಹೆ ಎನ್ನಬಹುದು. ನಿಜವಾದ ಪಾಲು 40 ಆಗಿದ್ದರೂ ನಾನೂರು ಮನೆಗಳ ಒಂದು ಮಾದರಿಯಲ್ಲಿ ಅದು ಸರಿಯಾಗಿ 40 ಎಂದೇ ಬರಬೇಕಿಲ್ಲ, ಅತ್ತಿತ್ತ ತೂಗಾಡುತ್ತದೆ. ಎಷ್ಟು ತೂಗಾಡುತ್ತದೆ? ಆ ಪುಡಿ ಇರುವ 40 ಮತ್ತು ಇಲ್ಲದ 60 ಗುಣಿಸಿದರೆ 2400. ಮನೆಗಳ ಸಂಖ್ಯೆ 400ರಿಂದ ಭಾಗಿಸಿದರೆ 6. ಅದರ ವರ್ಗಮೂಲ ಸುಮಾರು 2.45. ಇದೇ ತೂಗಾಟದ ಅಳತೆಗೋಲು. ಸಂಖ್ಯಾಶಾಸ್ತ್ರಜ್ಞರು ಪ್ರಮಾಣಿತ ದೋಷ ಎನ್ನುತ್ತಾರೆ. ಯಾರದೂ ದೋಷವಲ್ಲ, ಹೆಸರಷ್ಟೇ ಹಾಗೆ. 40ಕ್ಕೂ 35ಕ್ಕೂ ಅಂತರ 5. ಅದು ಅಳತೆಗೋಲಿನ ಎರಡು ಪಟ್ಟಿಗಿಂತ ಕೂದಲೆಳೆ ಹೆಚ್ಚು: 2.04. ‘ಇಪ್ಪತ್ತರಲ್ಲಿ ಒಂದು’ ಎಂಬ ಫಿಷರರ ಗೆರೆ ಬೀಳುವುದು 1.96ರಲ್ಲಿ. ಹಾಗಾಗಿ ಗೋಡೆಬರಹ ಪರೀಕ್ಷೆಯಲ್ಲಿ ಬಿದ್ದುಹೋಯಿತು, ಅದೂ ಗೆರೆಯ ಅಂಚಿನಲ್ಲಿ.

ಈಗ ನಾನೂರರ ಬದಲು ನೂರೇ ಮನೆ ವಿಚಾರಿಸಿ 35ರಲ್ಲಿ ಸಿಕ್ಕಿದೆ ಎನ್ನಿ. ಶೇಕಡಾ ಅದೇ, ಪುಡಿ ಅದೇ. ಆದರೆ 2400ನ್ನು 100ರಿಂದ ಭಾಗಿಸಿದರೆ 24, ವರ್ಗಮೂಲ 4.9. ಅಂತರ 5 ಎಂಬುದು ಹೆಚ್ಚುಕಡಿಮೆ ಒಂದೇ ಅಳತೆ. ಇಷ್ಟು ತೂಗಾಟ ಮಾಮೂಲಿ. ಕಂಪನಿಯನ್ನು ಸುಳ್ಳುಗಾರ ಎನ್ನಲು ಆಧಾರವಿಲ್ಲ. ಹಾಗೆಂದು ಕಂಪನಿ ಹೇಳಿದ್ದು ನಿಜವೆಂದೂ ಸಾಬೀತಾಗಲಿಲ್ಲ. ಕೋರ್ಟಿನಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದಂತೆ. ಶೇಕಡಾವಾರು ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಎಷ್ಟು ಜನರನ್ನು ಕೇಳಿದೆವು ಎಂಬುದನ್ನು ಮುಚ್ಚಿಡುವ ಜಾಹೀರಾತು ಎಷ್ಟು ದೊಡ್ಡ ಸಂಗತಿಯನ್ನು ನುಂಗಿಹಾಕುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ಕೈಚಳಕವೂ ಇದೆ. ಇಪ್ಪತ್ತರಲ್ಲಿ ಒಂದು ಬಾರಿ ಬರೀ ಆಕಸ್ಮಿಕವೇ ಗೆರೆ ದಾಟುತ್ತದೆ ಎಂದ ಮೇಲೆ, ಇಪ್ಪತ್ತು ಸಮೀಕ್ಷೆ ಮಾಡಿಸಿದವನಿಗೆ ತನಗೆ ಬೇಕಾದ ಉತ್ತರ ಒಂದಾದರೂ ಸಿಗುವ ಸಂಭವ ಚೆನ್ನಾಗಿಯೇ ಇರುತ್ತದೆ. ಅದನ್ನು ಪ್ರಕಟಿಸಿ ಹತ್ತೊಂಬತ್ತನ್ನು ಬೀರುವಿನಲ್ಲಿಟ್ಟರೆ ಯಾವ ಸೂತ್ರವೂ ಅದನ್ನು ಪತ್ತೆ ಹಚ್ಚಲಾರದು.

ಎಂ ಮತ್ತು ಕ್ಯೂ

1975ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಪೆಪ್ಸಿ ಕಂಪನಿ ತನ್ನ ಪ್ರಸಿದ್ಧ ‘ಪೆಪ್ಸಿ ಚಾಲೆಂಜ್’ ಆರಂಭಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಮೇಜು ಹಾಕಿ, ಎರಡು ಲೋಟಗಳಲ್ಲಿ ಹೆಸರು ಹೇಳದೆ ಕೋಕ್ ಮತ್ತು ಪೆಪ್ಸಿ ಕೊಟ್ಟು, ಯಾವುದು ಇಷ್ಟವೆಂದು ಕೇಳುವುದು. ಕೋಕ್ ಕುಡಿಯುವವರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಪೆಪ್ಸಿ ಆರಿಸಿದರು ಎಂದು ಟಿ.ವಿ.ಯಲ್ಲಿ ಸಾರಲಾಯಿತು.

ಕೋಕಾ ಕೋಲಾದವರು ಲೋಟಗಳ ಮೇಲೆ ಕಣ್ಣು ಹಾಯಿಸಿದರು. ಪೆಪ್ಸಿ ತುಂಬಿದ ಲೋಟದ ಮೇಲೆ ‘ಎಂ’ ಅಕ್ಷರ, ಕೋಕ್ ಲೋಟದ ಮೇಲೆ ‘ಕ್ಯೂ’. ಜನ ಪಾನೀಯವನ್ನಲ್ಲ, ಅಕ್ಷರವನ್ನು ಆರಿಸುತ್ತಿದ್ದಾರೆ ಎಂದು ಅವರು ವಾದಿಸಿದರು. ವಾದ ಹಾಸ್ಯಾಸ್ಪದವೆನ್ನಿಸುತ್ತದೆ. ಆದರೆ ಎರಡೂ ಲೋಟಗಳಿಗೆ ಕೋಕನ್ನೇ ಸುರಿದು ಒಂದಕ್ಕೆ ಎಂ, ಇನ್ನೊಂದಕ್ಕೆ ಕ್ಯೂ ಬರೆದು ಕೊಟ್ಟಾಗಲೂ ಹೆಚ್ಚು ಜನ ‘ಎಂ’ ಲೋಟವೇ ಚೆನ್ನ ಎಂದರು! ಪೆಪ್ಸಿ ಮುಂದೆ ಅಕ್ಷರಗಳನ್ನು ಬದಲಾಯಿಸಿತು. ಲೋಟದ ಮೇಲಿನ ಅಕ್ಷರವನ್ನು ಲೆಕ್ಕ ಓದುವುದಿಲ್ಲ. ಅದಕ್ಕೆ ಸಿಗುವುದು ಎರಡು ಸಂಖ್ಯೆ ಮಾತ್ರ: ಎಷ್ಟು ಜನ, ಅವರಲ್ಲಿ ಎಷ್ಟು ಮಂದಿ ಹೌದು ಎಂದರು.

ಆದರೂ ಕೋಕ್ ಒಳಗೊಳಗೆ ನಡುಗಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಶೇ 60ರಷ್ಟಿದ್ದ ಅದರ ಪಾಲು 1983ರ ವೇಳೆಗೆ ಶೇ 24ಕ್ಕಿಂತ ಕೆಳಗಿಳಿದಿತ್ತು ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂಕಿ. ಸೂಪರ್ ಮಾರ್ಕೆಟ್‌ಗಳಲ್ಲಿ ಪೆಪ್ಸಿ ಮುಂದಿತ್ತು. ಹೋಟೆಲು, ನಾಣ್ಯ ಹಾಕಿದರೆ ಬಾಟಲಿ ಕೊಡುವ ಯಂತ್ರ ಎಲ್ಲ ಸೇರಿದರೆ ಕೋಕ್ ಮುಂದಿತ್ತು. ಇಬ್ಬರೂ ‘ನಾವೇ ಮೊದಲು’ ಎನ್ನಬಹುದಾಗಿದ್ದ, ಇಬ್ಬರೂ ಸುಳ್ಳು ಹೇಳದಿದ್ದ ಅಪರೂಪದ ಕಾಲ. ಪಾಲು ಎಂದರೆ ಯಾವುದರ ಪಾಲು ಎಂದು ಮೊದಲು ಕೇಳಬೇಕಾಗುತ್ತದೆ.

ಕೋಕ್ ತನ್ನ ಪಾನೀಯದ ಸೂತ್ರವನ್ನೇ ಬದಲಿಸಲು ಹೊರಟಿತು. ಸುಮಾರು 1 ಲಕ್ಷ 90 ಸಾವಿರ ಜನರಿಗೆ ರುಚಿ ತೋರಿಸಿತು. ಖರ್ಚು 40 ಲಕ್ಷ ಡಾಲರ್. ಅವರಲ್ಲಿ ಅಂತಿಮ ಸೂತ್ರವನ್ನು ಕುಡಿದವರೇ 30 ಸಾವಿರಕ್ಕೂ ಹೆಚ್ಚು. ಹೆಸರು ಹೇಳದೆ ಕೊಟ್ಟಾಗ ಶೇ 55 ಮಂದಿ ಹಳೆಯದಕ್ಕಿಂತ ಹೊಸದೇ ಚೆನ್ನ ಎಂದರು. ನೂರು ಜನರಲ್ಲಿ 55 ಎಂದರೆ ನಾಣ್ಯದ ಆಟವಿರಬಹುದು. 30 ಸಾವಿರದಲ್ಲಿ? 50 ಗುಣಿಸು 50, ಭಾಗಿಸು 30 ಸಾವಿರ, ವರ್ಗಮೂಲ: 0.29. ಅಂತರ 5. ಅಳತೆಗೋಲಿನ ಹದಿನೇಳು ಪಟ್ಟು. ಇಷ್ಟು ಖಚಿತವಾದ ಉತ್ತರ ಬಹಳ ಕಂಪನಿಗಳಿಗೆ ಸಿಗುವುದಿಲ್ಲ. 1985ರ ಏಪ್ರಿಲ್ 23ರಂದು ಕೋಕ್ ಮುಖ್ಯಸ್ಥ ರಾಬರ್ಟೊ ಗೊಯಿಜುವೆಟಾ ನ್ಯೂಯಾರ್ಕಿನಲ್ಲಿ ಹೊಸ ಕೋಕ್ ಬಿಡುಗಡೆ ಮಾಡಿದರು. ಹಳೆಯದರ ತಯಾರಿಕೆ ನಿಂತಿತು.

ಮುಂದಿನದು ವಾಣಿಜ್ಯ ಇತಿಹಾಸದ ದೊಡ್ಡ ಮುಗ್ಗರಿಕೆಗಳಲ್ಲಿ ಒಂದು. ದಿನಕ್ಕೆ 400 ದೂರವಾಣಿ ಕರೆ ಬರುತ್ತಿದ್ದ ಕಂಪನಿಗೆ ಜೂನ್ ವೇಳೆಗೆ 1,500 ಬರತೊಡಗಿದವು, ಬಹುಪಾಲು ಬೈಗುಳ. ಜನ ಹಳೆಯ ಬಾಟಲಿಗಳನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟರು. ಪೆಪ್ಸಿ ಕಂಪನಿ ತನ್ನ ನೌಕರರಿಗೆ ರಜೆ ಕೊಟ್ಟು ಸಂಭ್ರಮಿಸಿತು. 79 ದಿನಗಳ ನಂತರ, ಜುಲೈ 11ರಂದು, ಕೋಕ್ ತಲೆಬಾಗಿ ಹಳೆಯದನ್ನು ‘ಕ್ಲಾಸಿಕ್’ ಎಂಬ ಹೆಸರಲ್ಲಿ ಮರಳಿ ತಂದಿತು. ವರ್ಷ ಮುಗಿಯುವಷ್ಟರಲ್ಲಿ ಆ ಕ್ಲಾಸಿಕ್ಕೇ ಹೊಸ ಕೋಕನ್ನೂ ಪೆಪ್ಸಿಯನ್ನೂ ಹಿಂದೆ ಹಾಕಿತ್ತು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಶೇ 55 ನಿಜವೇ. ಆದರೆ ಅದು ಒಂದೆರಡು ಗುಟುಕಿನ ಪ್ರಶ್ನೆಗೆ ಬಂದ ಉತ್ತರ. ಗುಟುಕಿನಲ್ಲಿ ಸಿಹಿ ಹೆಚ್ಚಿದ್ದದ್ದು ಗೆಲ್ಲುತ್ತದೆ; ಇಡೀ ಬಾಟಲಿ ಕುಡಿಯುವಾಗ ಅದೇ ಸಿಹಿ ಸಾಕಪ್ಪಾ ಎನಿಸುತ್ತದೆ. ಮೇಲಾಗಿ ‘ಇದನ್ನು ತಂದರೆ ಹಳೆಯದು ಇರುವುದಿಲ್ಲ, ಆಗಬಹುದೇ?’ ಎಂದು ಆ ಲಕ್ಷಾಂತರ ಜನರನ್ನು ಯಾರೂ ನೇರವಾಗಿ ಕೇಳಿರಲಿಲ್ಲ. ಬದಲಾವಣೆಯ ಮಾತೆತ್ತಿದಾಗ ಸಿಟ್ಟಾದವರು ಶೇ 10–12ರಷ್ಟು ಇದ್ದರು. ಅಲ್ಪಸಂಖ್ಯಾತರೆಂದು ಅವರನ್ನು ಬದಿಗೆ ಸರಿಸಲಾಯಿತು. ಅವರ ಸಿಟ್ಟು ಅಕ್ಕಪಕ್ಕದವರಿಗೆ ಹರಡಿತು. ನಾಣ್ಯಗಳು ಒಂದನ್ನು ನೋಡಿ ಇನ್ನೊಂದು ಮನಸ್ಸು ಬದಲಿಸುವುದಿಲ್ಲ, ಮನುಷ್ಯರು ಬದಲಿಸುತ್ತಾರೆ. ಆರ್ಬತ್‌ನಟ್ ಲೆಕ್ಕದಿಂದ ದೇವರಿಗೆ ಜಿಗಿದಂತೆ, ಗೊಯಿಜುವೆಟಾ ಗುಟುಕಿನಿಂದ ಮಾರುಕಟ್ಟೆಗೆ ಜಿಗಿದಿದ್ದರು.

ಮೈಸೂರಿನ ಸೂತ್ರ

ಭಾರತದಲ್ಲಿ ಇಂಥ ಸಮೀಕ್ಷೆ ಹೊಸತಲ್ಲ. ಪ್ರಶಾಂತಚಂದ್ರ ಮಹಾಲನೋಬಿಸ್ 1939ರಲ್ಲೇ ಕಲ್ಕತ್ತದ ಮಧ್ಯಮ ವರ್ಗದ ಕುಟುಂಬಗಳಲ್ಲಿ ಚಹಾ ಕುಡಿಯುವ ರೂಢಿಯ ಸಮೀಕ್ಷೆ ನಡೆಸಿ, ‘ಸಂಖ್ಯಾ’ ಪತ್ರಿಕೆಯಲ್ಲಿ 1943ರಲ್ಲಿ ವರದಿ ಪ್ರಕಟಿಸಿದ್ದರು. ಕೋಲಾದ ಕಥೆ ಮಾತ್ರ ಇಲ್ಲಿ ಬೇರೆ ದಾರಿ ಹಿಡಿಯಿತು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ವಿದೇಶಿ ವಿನಿಮಯ ಕಾನೂನಿನಂತೆ ಬಂಡವಾಳದ ಪಾಲು ತಗ್ಗಿಸಬೇಕು ಎಂದು ಕೋಕಾ ಕೋಲಾದ ಮೇಲೆ ಪಟ್ಟು ಹಿಡಿದರು. ಕಂಪನಿ ದೇಶ ಬಿಟ್ಟಿತು. ಸರ್ಕಾರ ತನ್ನದೇ ‘ಡಬಲ್ ಸೆವೆನ್’ ಕೋಲಾ ತಂದಿತು. ಅದರ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ. ಸರ್ಕಾರದ ಬೆಂಬಲ, ಮೈಸೂರಿನ ವಿಜ್ಞಾನ ಎರಡೂ ಇದ್ದರೂ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಗೆದ್ದದ್ದು ಪಾರ್ಲೆಯವರ ಥಮ್ಸ್ ಅಪ್.

1993ರಲ್ಲಿ ಕೋಕ್ ಮರಳಿ ಬಂದಾಗ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಬಳಿಕ ಅದನ್ನು ಹಿಂದೆ ಸರಿಸಿ ತನ್ನ ಸ್ವಂತ ಕೋಕನ್ನು ಮುಂದೆ ತಳ್ಳಲು ಕೆಲವು ವರ್ಷ ಹೆಣಗಿತು. ಕುಡಿಯುವವರು ಜಗ್ಗಲಿಲ್ಲ. ಕಂಪನಿ ಮತ್ತೆ ಥಮ್ಸ್ ಅಪ್ ಕೈಹಿಡಿಯಬೇಕಾಯಿತು. 2021ರಲ್ಲಿ ಅದರ ಮಾರಾಟ ನೂರು ಕೋಟಿ ಡಾಲರ್ ಮುಟ್ಟಿತೆಂದು ಕೋಕಾ ಕೋಲಾ ಕಂಪನಿಯೇ ಘೋಷಿಸಿತು. 1985ರ ಪಾಠವನ್ನು ಅದೇ ಕಂಪನಿ ಹೀಗೆ ಎರಡನೆಯ ಸಲ, ಬೇರೆ ಖಂಡದಲ್ಲಿ, ಕಲಿತಂತಾಯಿತು.

‘ನಂ. 1’ ಎಂದವರನ್ನು ‘ಎಲ್ಲಿದೆ ಆಧಾರ?’ ಎಂದು ಕೇಳುವ ವ್ಯವಸ್ಥೆ ನಮ್ಮಲ್ಲಿ ನಿಧಾನವಾಗಿ ಬೆಳೆಯಿತು. ಜಾಹೀರಾತು ಉದ್ಯಮ 1985ರಲ್ಲಿ ತನ್ನದೇ ಜಾಹೀರಾತು ಮಾನದಂಡ ಮಂಡಳಿಯನ್ನು ಕಟ್ಟಿಕೊಂಡಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 2020ರಲ್ಲಿ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ ಬಂತು. ಅದಕ್ಕೆ ದಂಡ ಹಾಕುವ ಅಧಿಕಾರವೂ ಇದೆ. 2022ರ ಮಾರ್ಚ್‌ನಲ್ಲಿ ಆ ಪ್ರಾಧಿಕಾರದ ಮುಂದೆ ಸೆನ್ಸೊಡೈನ್ ಟೂತ್‌ಪೇಸ್ಟಿನ ಜಾಹೀರಾತು ಬಂದಿತ್ತು. ‘ವಿಶ್ವದಾದ್ಯಂತ ದಂತವೈದ್ಯರ ಶಿಫಾರಸು’, ‘ವಿಶ್ವದ ನಂ. 1’ ಎಂಬ ಎರಡು ಹೇಳಿಕೆಗಳಿಗೆ ಆಧಾರ ಕೇಳಿದಾಗ ಕಂಪನಿ ಎರಡು ಮಾರುಕಟ್ಟೆ ಸಮೀಕ್ಷೆಗಳನ್ನು ಒಪ್ಪಿಸಿತು. ಪ್ರಾಧಿಕಾರ ಮೊದಲು ನೋಡಿದ್ದು ಅವುಗಳಲ್ಲಿನ ಶೇಕಡಾವನ್ನಲ್ಲ, ಯಾರನ್ನು ಕೇಳಲಾಗಿದೆ ಎಂಬುದನ್ನು. ಎರಡೂ ಸಮೀಕ್ಷೆಗಳಲ್ಲಿ ಇದ್ದವರು ಭಾರತದ ದಂತವೈದ್ಯರು ಮಾತ್ರ. ಹತ್ತು ಲಕ್ಷ ರೂಪಾಯಿ ದಂಡ ಕಟ್ಟಿ ಜಾಹೀರಾತು ನಿಲ್ಲಿಸುವಂತೆ ಆದೇಶವಾಯಿತು.